ಸಮಿತಿಯ ತಟ್ಟೆ

ನನ್ನ ತಂಗಿಯ ಮಗಳು ಪುಟ್ಟಿಯ ಡಾಕ್ಟರೇಟಿನ ಸಮಿತಿ ಕೂರುವ ದಿನ, ಅವಳ ಜೊತೆ ಇರಲು ಊರಿನಿಂದ ಹೋಗಿದ್ದ ನಾನು ಬೆಳಿಗ್ಗೆ ಎದ್ದವಳೇ ಬೆಣ್ಣೆ ಬಿಸ್ಕತ್ತಿಗೆ ಹಿಟ್ಟು ಕಲಸಿದೆ. ಅವಳು ಓದುವ ಪರದೇಶದ ವಿಶ್ವವಿದ್ಯಾಲಯದಲ್ಲಿ ಅದೊಂದು ರೂಢಿ. ವರ್ಷಕ್ಕೊಮ್ಮೆ ನಾಲ್ವರು ಪ್ರೊಫೆಸರುಗಳು ಕೂತು, ‘ಸಾಕು, ಇನ್ನು ಪ್ರಬಂಧ ಬರೆದು ಮುಗಿಸು’ ಅಂತಲೋ ‘ಇನ್ನೂ ಆಗಿಲ್ಲ’ ಅಂತಲೋ ಹೇಳುತ್ತಾರೆ. ಅವರಿಗೆ ತಿಂಡಿ, ಕಾಫಿ ತರುವುದು ವಿದ್ಯಾರ್ಥಿಯ ಪಾಲಿನ ಕೆಲಸ. ತನ್ನಿ ಎಂದು ಯಾರೂ ಹೇಳುವುದಿಲ್ಲ. ತರದೆ ಹೋದವರೂ ಯಾರೂ ಇಲ್ಲ.

“ನಮ್ಮ ಕಾಲದಲ್ಲಿ ಪರೀಕ್ಷಕರಿಗೆ ತಿಂಡಿ ಒಯ್ದಿದ್ರೆ ಕಾಲೇಜಿಂದಲೇ ಆಚೆ ಹಾಕ್ತಿದ್ರು ಕಣೇ” ಅಂದೆ.

“ಇಲ್ಲಿ ಆಚೆ ಹಾಕಲ್ಲ ದೊಡ್ಡಮ್ಮ. ಅದೇ ಕಷ್ಟ.”

ಬಿಸ್ಕತ್ತು ಜೋಡಿಸಲು ಅವಳು ನೀಲಿ ಅಂಚಿನ ದೊಡ್ಡ ಪಿಂಗಾಣಿ ತಟ್ಟೆ ಕೊಟ್ಟಳು. ಒಂದು ಕಡೆ ಅಂಚು ಮುಕ್ಕಾಗಿತ್ತು. ಅವಳ ಪ್ರಯೋಗಶಾಲೆಯಲ್ಲಿ ಈ ತಟ್ಟೆ ಕೈಯಿಂದ ಕೈಗೆ ಬಂದಿದೆ. ಒಪ್ಪಿಗೆ ಸಿಕ್ಕವರು ತಮ್ಮ ನಂತರದವರಿಗೆ ಕೊಟ್ಟು ಹೋಗುತ್ತಾರೆ. ಪುಟ್ಟಿಯ ನಂತರದವಳು ಅದೇ ಪ್ರಯೋಗಶಾಲೆಯ, ಬಲಗಡೆ ಕೋಣೆಯ ಹುಡುಗಿ. “ಸಂಜೆ ಅವಳು ರಜೆಯಿಂದ ಬರೋದ್ರೊಳಗೆ ಬಾಗಿಲಲ್ಲಿ ಇಟ್ಟು ಓಡಿಬಂದುಬಿಡ್ತೀನಿ” ಎಂದು ಪುಟ್ಟಿ ನಕ್ಕಳು. ನಗುವಾಗಲೂ ಅವಳ ಎಡಗಣ್ಣಿನ ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ವರ್ಷದಿಂದ ಹಾಗೇ ಅಂತೆ.

ಉಪ್ಪು ಮಣ್ಣಿನಲ್ಲಿ ಬೇರು ಹೇಗೆ ಇಳಿಯುತ್ತದೆ ಅನ್ನುವುದು ಅವಳ ವಿಷಯ. ಇದು ಏಳನೇ ವರ್ಷ. ಅವಳಿಗಾಗಿ ಕಾದಿದ್ದ ಹುಡುಗ ಕಾದು ಕಾದು ಬೇರೆ ಕಡೆ ಮದುವೆಯಾದ. ಅವನನ್ನು ಬೈಯಲಾರೆ, ಅಷ್ಟು ದಿನ ಕಾದನಲ್ಲ. ಅವಳ ಗೆಳತಿಯ ಮಗು ಆಗಲೇ ಶಾಲೆಗೆ ಸೇರಿದೆ. “ಮಗು ಶಾಲೆ ಸೇರ್ತು, ನಿಮ್ಮ ಪುಟ್ಟಿ ಇನ್ನೂ ಶಾಲೆ ಬಿಟ್ಟಿಲ್ವಲ್ಲ?” ಎಂದು ನಮ್ಮ ಓರಗಿತ್ತಿ ಕೇಳಿದಾಗ ನನ್ನ ತಂಗಿ ಎದ್ದು ಒಳಗೆ ಹೋಗಿದ್ದಳು. ಪ್ರಯೋಗಶಾಲೆಯ ಹೊಸಬರು ಪುಟ್ಟಿಯನ್ನು ಅವರ ಭಾಷೆಯಲ್ಲಿ ‘ಅಜ್ಜಿ’ ಅನ್ನುತ್ತಾರಂತೆ. “ನಾನೇ ಇನ್ನೂ ದೊಡ್ಡಮ್ಮ, ನೀನಾಗಲೇ ಅಜ್ಜಿ ಆದ್ಯಲ್ಲೇ!” ಅಂದೆ. ಅವಳು ನಕ್ಕಳು. ಆಮೇಲೆ ನನಗೇ ಯಾಕೆ ಅಂದೆನೋ ಅನ್ನಿಸಿತು.

ಸಮಿತಿಯ ಕೋಣೆಯ ಹೊರಗೆ, ಮೊಗಸಾಲೆಯಲ್ಲಿ, ಒಂದು ಕಬ್ಬಿಣದ ಬೆಂಚು. ನಾನು ಕೂತ ಸ್ವಲ್ಪ ಹೊತ್ತಿಗೆ ಕಚೇರಿಯ ಗುಮಾಸ್ತೆ ತನ್ನ ಕುರ್ಚಿಯ ದಿಂಬನ್ನೇ ತಂದು, ನನ್ನನ್ನು ಎಬ್ಬಿಸಿ, ಹಾಸಿ ಕೂರಿಸಿದಳು. ಅವಳ ಭಾಷೆ ನನಗೆ ಬಾರದು. ಬೆಂಚು ತಣ್ಣಗಿದೆ ಎಂದು ಕೈಯಲ್ಲೇ ತೋರಿಸಿದಳು.

ಆಮೇಲೆ ಪುಟ್ಟಿಯ ಮಾರ್ಗದರ್ಶಕರು ಬಂದರು. ಪುಟ್ಟಿ ಅವರಿಗೆ ‘ಇನ್ನೊಂದು ಮಾಸ್ತರು’ ಎಂದು ಹೆಸರಿಟ್ಟಿದ್ದಾಳೆ. ಯಾವಾಗ ಕೇಳಿದರೂ ‘ಇನ್ನೊಂದೇ ಒಂದು ಸಣ್ಣ ಪ್ರಯೋಗ’ ಅನ್ನುತ್ತಾರೆ. ಕ್ರೂರಿಯೊಬ್ಬ ಬರುತ್ತಾನೆಂದು ನಾನು ಕಾದಿದ್ದೆ. ಬಂದವರು ನನ್ನ ಮಂಡಿನೋವಿನ ಬಗ್ಗೆ ಇಂಗ್ಲಿಷಿನಲ್ಲಿ ವಿಚಾರಿಸಿದರು. ಪುಟ್ಟಿ ಯಾವಾಗಲೋ ಹೇಳಿದ್ದನ್ನು ನೆನಪಿಟ್ಟಿದ್ದರು. ತಟ್ಟೆ ಹಿಡಿದ ಅವಳಿಗೆ ತಾವೇ ಬಾಗಿಲು ತೆರೆದು ಹಿಡಿದರು. ಇಷ್ಟು ಒಳ್ಳೆಯವರು ಕೆಟ್ಟದ್ದು ಮಾಡಲಾರರು ಎಂದು ನಿಶ್ಚಿಂತೆಯಾಗಿ ಕೂತೆ.

ಒಳಗಿನಿಂದ ಪುಟ್ಟಿಯ ದನಿ ಬಹಳ ಹೊತ್ತು ಕೇಳಿಸಿತು. ನಂತರ ಗಂಡಸರ ದನಿ, ಲೋಟಗಳ ಸದ್ದು, ಜೋರು ನಗು. ನಗು ಕೇಳಿ ನನಗೆ ಧೈರ್ಯ ಬಂತು.

ಬಾಗಿಲು ತೆರೆದಾಗ ಮೊದಲು ಬಂದವರು ಮಾಸ್ತರೇ. ಅಂಗಿಯ ಮೇಲೆ ಬಿಸ್ಕತ್ತಿನ ಪುಡಿ. ನನ್ನ ಎರಡೂ ಕೈ ಹಿಡಿದುಕೊಂಡು, “ಇಷ್ಟು ರುಚಿಯಾದ ಬಿಸ್ಕತ್ತು ತಿಂದು ಬಹಳ ಕಾಲವಾಯಿತು” ಅಂದರು. “ನಿಮ್ಮ ಹುಡುಗಿ ನಮ್ಮ ಪ್ರಯೋಗಶಾಲೆಯ ಕಂಬ. ಅವಳಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.” ನಾನು ಹಿಗ್ಗಿ ಕೈ ಮುಗಿದೆ.

ಪುಟ್ಟಿ ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡು ಕೊನೆಗೆ ಬಂದಳು. ರಸ್ತೆಗೆ ಇಳಿದ ಮೇಲೆ ಕೇಳಿದೆ.

“ಏನಂದ್ರೇ?”

“ಇನ್ನೊಂದು ವರ್ಷ.”

“ಯಾಕೆ? ಏನು ತಪ್ಪಾಗಿತ್ತು?”

“ತಪ್ಪೇನಿಲ್ಲ. ಹೊರಗಿಂದ ಬಂದಿದ್ದ ಹಿರಿಯರು ‘ಇಷ್ಟು ಸಾಕಲ್ಲ, ಬರೀಲಿ’ ಅಂದ್ರು. ನಮ್ಮ ಮಾಸ್ತರೇ ಬೇಡ ಅಂದಿದ್ದು. ಮೂವರು ಹೊಸಬರು ಬರ್ತಾರಂತೆ. ನಾನು ಹೋದ್ರೆ ಗಾಜಿನ ಮನೆ ನೋಡ್ಕೊಳ್ಳೋರು ಯಾರು, ಅವರಿಗೆ ಕೆಲಸ ಹೇಳಿಕೊಡೋರು ಯಾರು ಅಂತ.”

“ಬಾಯಿಬಿಟ್ಟು ಹಾಗೇ ಅಂದ್ರಾ?”

“ಹೊಗಳ್ತಾ ಅಂದ್ರು. ಎಲ್ಲರೂ ನಕ್ಕರು.”

ಆ ನಗುವನ್ನೇ ನಾನು ಹೊರಗೆ ಕೂತು ಕೇಳಿದ್ದು.

“ನೀನೇನಂದೆ?”

“ಥ್ಯಾಂಕ್ಸ್ ಅಂದೆ.”

ಮನೆಯ ದಾರಿಗೆ ತಿರುಗುವ ಬದಲು ಅವಳು ಗಾಜಿನ ಮನೆಯ ಕಡೆ ನಡೆದಳು. ರಜೆಗೆ ಹೋಗಿದ್ದ ಬಲಗಡೆ ಕೋಣೆಯ ಹುಡುಗಿ ತನ್ನ ಸಸಿಗಳನ್ನು ಇವಳಿಗೆ ಒಪ್ಪಿಸಿದ್ದಳಂತೆ. ಒಳಗೆ ಬಿಸಿ, ಹಸಿಮಣ್ಣಿನ ವಾಸನೆ. ಸಾಲುಸಾಲು ಪುಟ್ಟ ಕುಂಡಗಳು. ಪುಟ್ಟಿ ತಟ್ಟೆಯನ್ನು ನನ್ನ ಕೈಗಿಟ್ಟು ನೀರಿನ ಕೊಳವೆ ಎತ್ತಿಕೊಂಡಳು.

“ಬಿಡೇ ಅದನ್ನ. ಒಣಗಿ ಹೋಗ್ಲಿ” ಅಂದೆ. ಜೀವಮಾನದಲ್ಲಿ ಯಾವ ಗಿಡಕ್ಕೂ ಆ ಮಾತು ಅಂದವಳಲ್ಲ ನಾನು.

“ಗಿಡ ಏನು ಮಾಡ್ತು ದೊಡ್ಡಮ್ಮ?”

“ಎಲ್ಲ ಬಿಟ್ಟು ನನ್ನ ಜೊತೆ ಬಂದುಬಿಡು. ಯಾರು ಏನಂದ್ರೂ ನಾನಿದೀನಿ.”

ಅವಳು ಒಂದೊಂದು ಕುಂಡದ ಬುಡಕ್ಕೂ ಹದವಾಗಿ ನೀರು ಬಿಡುತ್ತಲೇ ಅಂದಳು: “ಈಗ ಬಿಟ್ಟರೆ, ಇಷ್ಟು ವರ್ಷ ಇಲ್ಲಿ ಗಿಡಕ್ಕೆ ನೀರು ಹಾಕ್ತಿದ್ದೆ ಅಂತ ಆಗುತ್ತೆ. ಬಿಡದಿದ್ರೆ ಇನ್ನೂ ಹಾಕ್ತಾ ಇರ್ತೀನಿ. ನೀವೇ ಹೇಳಿ, ಏನು ಮಾಡ್ಲಿ?”

ನಾನು ಬಿ.ಎ. ಓದಿದವಳು. ಮುಂದಿನ ಕುಂಡವನ್ನು ಅವಳ ಕಡೆ ಸರಿಸಿದೆ.

ಮನೆ ಸೇರುವಷ್ಟರಲ್ಲಿ ಊರಿನಿಂದ ತಂಗಿಯ ಫೋನು ಬಂತು. ಅವಳು ಬೆಳಗಿನಿಂದ ಊಟ ಮಾಡಿರಲಿಲ್ಲ. ಒಪ್ಪಿಗೆ ಸಿಕ್ಕ ಮೇಲೇ ಉಣ್ಣುತ್ತೇನೆ ಎಂದು ಕೂತಿದ್ದಳು. ಪುಟ್ಟಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ತಟ್ಟೆ ತೊಳೆಯುತ್ತಿದ್ದಳು.

“ಬಿಸ್ಕತ್ತು ಎಲ್ಲರಿಗೂ ಇಷ್ಟ ಆಯ್ತಮ್ಮ. ದೊಡ್ಡಮ್ಮನ್ನ ತುಂಬ ಹೊಗಳಿದ್ರು... ಇಲ್ಲ, ಆ ವಿಷಯ ಆಮೇಲೆ ಹೇಳ್ತೀನಿ. ನೀನು ಮೊದಲು ಊಟ ಮಾಡು.”

ಫೋನು ಇಟ್ಟು, ತಟ್ಟೆಯನ್ನು ಒರೆಸಿ, ಮುಕ್ಕಾದ ಅಂಚು ಗೋಡೆಯ ಕಡೆಗೆ ಬರುವಂತೆ ತಿರುಗಿಸಿ, ತನ್ನ ಕಪಾಟಿನಲ್ಲೇ ಇಟ್ಟಳು.