ತಿರುಗಿಸಿದ ಮೂಲೆಮಟ್ಟ

"ಹನ್ನೊಂದು ಜನ ಕಳ್ಳರು, ಡಾಕ್ಟ್ರೇ! ಒಬ್ಬೊಬ್ಬ ಒಂದೊಂದು ಬಾಗಿಲಿನಷ್ಟು ಅಗಲ. ಐದು ಜನರನ್ನ ಎಡಗೈಲೇ ಹಿಡ್ಕೊಂಡೆ, ಬಲಗೈಲಿ ಮರದ ಕೊಡತಿ. ಉಳಿದೋರು ನನ್ನ ಕೆಮ್ಮಿಗೇ ಬಿದ್ರು!"

ನನ್ನ ಮಾತಿಗೆ ಡಾಕ್ಟರು ತಲೆ ಎತ್ತಲಿಲ್ಲ. ನನ್ನ ಭಾವಮೈದನ ಬಲಗೈಗೆ ಅಂಟಿದ್ದ ಬಟ್ಟೆಯನ್ನು ಕತ್ತರಿಸಿ ಬಿಡಿಸುತ್ತಿದ್ದರು. ಬೆರಳುಗಳು ಯಾವ ಯಾವ ಕಡೆಗೋ ತಿರುಗಿದ್ದವು. ಕಪ್ಪಿಟ್ಟ ಮಾಂಸದ ನಡುವೆ ಎಲುಬಿನ ಬಿಳಿ ಚೂರೊಂದು ಇಣುಕುತ್ತಿತ್ತು. ನನ್ನಷ್ಟು ಗಟ್ಟಿ ಗುಂಡಿಗೆಯ ಬಡಗಿ ಭೂಮಿಯ ಮೇಲಿಲ್ಲ. ಆದರೂ ಗೋಡೆ ಹಿಡಿದುಕೊಂಡೆ.

"ಅಷ್ಟೂ ಜನ ಇದೊಂದೇ ಕೈಗೆ ಹೊಡೆದ್ರಾ?"

"ಸರದಿ ನಿಂತು ಹೊಡೆದ್ರು!"

ಭಾವಮೈದ ಒಡೆದ ತುಟಿಯನ್ನು ನೆಕ್ಕಿಕೊಂಡ. "ಹನ್ನೆರಡು ಇರ್ಬೇಕು ಭಾವ. ಒಬ್ಬನ್ನ ಎಣಿಸೋದು ಮರ್ತೆ ನೀನು."

"ಹೌದೌದು, ಹನ್ನೆರಡು. ಕೈ ಉಳಿಯತ್ತಾ ಡಾಕ್ಟ್ರೇ?"

"ಉಳಿಯಬಹುದು. ಇನ್ನು ಉಳಿ ಹಿಡಿಯೋದು ಅನುಮಾನ."

ಅಷ್ಟರಲ್ಲಿ ನನ್ನ ಹೆಂಡತಿ ನುಗ್ಗಿದಳು, ಕೈಯಲ್ಲಿ ಮೂಲೆ ನೇರವಿದೆಯೇ ಎಂದು ನೋಡುವ ನನ್ನ ಮೂಲೆಮಟ್ಟ ಹಿಡಿದು. ನನಗೂ ಅವಳ ತಮ್ಮನಿಗೂ ಕೆಲಸ ಕಲಿಸಿದವರು ಅವಳಪ್ಪ. ಕಲಿಸುವಾಗ ಪಕ್ಕದಲ್ಲೇ ಕೂತು ಇಬ್ಬರಿಗಿಂತ ಚೆನ್ನಾಗಿ ಕಲಿತವಳು ಅವಳು.

"ಕಾರ್ಖಾನೆಗೆ ಹೋಗಿದ್ದೆ. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಚರ್ಚಿಗೆ ಅಂತ ಇವನು ಮಾಡಿದ ಚೌಕಟ್ಟು ಮಾತ್ರ ನುಚ್ಚುನೂರು. ಕಳ್ಳರಿಗೆ ಅದರ ಮೇಲೇನ್ರೀ ಸಿಟ್ಟು?"

"ಸೊಟ್ಟ ಇತ್ತು ಕಣೇ! ಮಟ್ಟ ಇಟ್ರೆ ಮೂಲೇಲಿ ಬೆಳಕು ಕಾಣೋದು!"

ಮಾತು ಬಾಯಿಂದ ಜಾರಿತ್ತು. ಡಾಕ್ಟರ ಕತ್ತರಿ ನಿಂತಿತು.

ಅವಳು ಮೇಜಿನ ಮೇಲಿದ್ದ ಎಕ್ಸ್‌ರೇ ಲಕೋಟೆಯ ಅಂಚಿಗೆ ಮಟ್ಟವನ್ನು ಒತ್ತಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದಳು. ಮಟ್ಟವನ್ನು ಮಗುಚಿ, ಅದೇ ಚುಕ್ಕಿಯಿಂದ ಇನ್ನೊಂದು ಎಳೆದಳು. ಮಟ್ಟ ಸರಿಯಿದ್ದರೆ ಎರಡೂ ಒಂದೇ ಆಗಬೇಕು. ಆಗಲಿಲ್ಲ. ಬುಡದಲ್ಲಿ ಕೂಡಿದ್ದ ಗೆರೆಗಳು ತುದಿಯಲ್ಲಿ ಒಂದು ಬೆರಳು ತೂರುವಷ್ಟು ಬೇರೆಯಾಗಿದ್ದವು.

"ಹೋದ ವಾರ ಸಿಟ್ಟಲ್ಲಿ ಇದನ್ನ ಗೋಡೆಗೆ ಎಸೆದೋರು ಯಾರು?"

ಹದಿಮೂರನೆಯ ಕಳ್ಳ ಎನ್ನಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಭಾನುವಾರ ಚರ್ಚಲ್ಲಿ ಪಾದ್ರಿ, ತಮ್ಮನ ಕಣ್ಣಿನ ಧೂಳಿನ ರವೆ ತೆಗೆಯೋಕೆ ಮುಂಚೆ ನಿನ್ನ ಕಣ್ಣಿನ ತೊಲೆ ತೆಗಿ ಅಂದಾಗ ನನ್ನ ಕಿವೀಲಿ ಏನಂದ್ರಿ?"

"ತೊಲೆಯ ಅಳತೆ ಹೇಳಿದ್ರೆ ಕೊಯ್ದು ಕೊಡ್ತೀನಿ ಅಂದೆ."

ಯಾರೂ ನಗಲಿಲ್ಲ. ಡಾಕ್ಟರು ಕಾಗದ ಹತ್ತಿರ ಎಳೆದುಕೊಂಡರು. "ಸರಿಯಾಗಿ ಹೇಳಿ. ಎಷ್ಟು ಜನ?"

"ಒಬ್ಬ," ಎಂದೆ. "ಕೊಡತಿ ನಂದೇ. 'ಭಾವ, ನಿನ್ನ ಮಟ್ಟ ಒಂದ್ಸಲ ತಿರುಗಿಸಿ ನೋಡು' ಅಂದ ಇವನು. ನನಗೇ ಪಾಠ ಹೇಳ್ತೀಯಾ ಅಂತ ಮೊದಲು ಬಾಯಿಗೆ ಹೊಡೆದೆ. ಆಮೇಲೆ ಅವನ ಕೈನ ಕೆಲಸದ ಮೇಜಿಗೆ ಒತ್ತಿ ಹಿಡಿದು... ಎಣಿಸಲಿಲ್ಲ. ಅವನು ತಿರುಗಿ ಕೈ ಎತ್ತಲಿಲ್ಲ ಡಾಕ್ಟ್ರೇ."

ಭಾವಮೈದ ಎಡಗೈ ಚಾಚಿ ಅಕ್ಕನ ಪೆನ್ಸಿಲ್ ಎತ್ತಿಕೊಂಡ. ಲಕೋಟೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯಲು ನೋಡಿದ. ಪೆನ್ಸಿಲ್ ಜಾರಿ ಬಿತ್ತು, ಉರುಳಿತು, ನನ್ನ ಕಾಲಿಗೆ ತಾಗಿ ನಿಂತಿತು.