ಧೂಪವಿಲ್ಲದ ಮೂಲೆ

ಗಲ್ಫಿನ ದಾರ್ಸೈಟಿನ ಆ ಪುಟ್ಟ ನರ್ಸರಿಯಲ್ಲಿ ದಿನದ ಮೊದಲ ಕೆಲಸ ಜೋಸ್ಲಿನ್ ಟೀಚರದ್ದು. ಕೆಂಡದ ಮೇಲೆ ಬಕೂರ್ ಧೂಪ ಹಾಕಿ, ಮಕ್ಕಳು ಬರುವ ಮೊದಲೇ ತರಗತಿಗೆಲ್ಲ ಹೊಗೆ ಹಿಡಿಯುವುದು. ಮಂಗಳೂರಿನ ಇಗರ್ಜಿಯ ಧೂಪದಲ್ಲೇ ಬೆಳೆದವಳಿಗೆ ಅದೊಂದು ಪ್ರಾರ್ಥನೆಯ ಹಾಗೆ. ಅದರಿಂದ ಯಾರಿಗಾದರೂ ಕಷ್ಟವಾದೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಹೊಸದಾಗಿ ಸೇರಿದ ಶಮೀನಾ ಬಾಗಿಲು ದಾಟಿದಳೋ ಇಲ್ಲವೋ, ಬೊಬ್ಬೆ ಶುರು. ಚೋಟುದ್ದದ ಹುಡುಗಿ, ಗಂಟಲು ಮಾತ್ರ ಇಡೀ ಬಿಲ್ಡಿಂಗಿಗೆ ಸಾಕು. ಬೆಳಗಿನ ಹಾಡು ಬಂದರೆ ಕಿವಿ ಮುಚ್ಚಿ ನೆಲಕ್ಕೆ ಬೀಳುವಳು. ಜೋಸ್ಲಿನ್ ಎತ್ತಿಕೊಂಡರೆ ಇನ್ನೂ ಜೋರು. ಎಂಥ ಮಗುವನ್ನೂ ಸುಮ್ಮನಾಗಿಸುವೆನೆಂದು ಬೀಗುತ್ತಿದ್ದವಳಿಗೆ ಮುಖಭಂಗ. ನರ್ಸರಿ ನಡೆಸುವ ಐಡಾ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನ್ಯಾಷನಲ್ ಡೇ ಪ್ರೋಗ್ರಾಮಿನವರೆಗೆ ನೋಡ್ತೇನೆ. ಅವತ್ತೂ ಹೀಗೇ ಆದ್ರೆ ಖಲಾಸ್, ಬೇರೆ ಕಡೆ ಸೇರಿಸ್ಲಿಕ್ಕೆ ಹೇಳು."

ಬೇರೆ ಕಡೆ ಎಲ್ಲಿ? ತಾಯಿ ಸುಹರಾ ರೂವಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ದುಡಿಯುವವಳು. ಮಗು ಮನೆಯಲ್ಲಿ ಉಳಿದರೆ ಕೆಲಸ ಬಿಡಬೇಕು. "ಯಾರದ್ದೋ ಕಣ್ಣು ಬಿದ್ದಿದೆ ಟೀಚರ್, ಇದನ್ನೂ ಹಾಕಿ" ಎಂದು ಊರಿನಿಂದ ತನ್ನ ತಾಯಿ ಕಳಿಸಿದ ಲೋಬಾನದ ಪೊಟ್ಟಣ ಕೊಟ್ಟಳು. ಜೋಸ್ಲಿನ್ ಅದನ್ನೂ ಸುರಿದು, ಧೂಪದ ಬಟ್ಟಲನ್ನು ಮಗುವಿನ ಕುರ್ಚಿಯ ಪಕ್ಕಕ್ಕೇ ಸರಿಸಿದಳು. ಇಬ್ಬರು ಬುದ್ಧಿವಂತೆಯರು ಸೇರಿ ಕೂಸಿನ ಉಸಿರು ಕಟ್ಟಿಸುತ್ತಿದ್ದರು!

ಒಂದು ದಿನ ಜೋಸ್ಲಿನ್‌ಗೆ ಕೆಟ್ಟ ಕೆಮ್ಮು. ಧೂಪ ಹಾಕಲಿಲ್ಲ, ಕಿಟಕಿ ತೆರೆದಳು, ಹಾಡಲು ಗಂಟಲೂ ಇರಲಿಲ್ಲ. ಶಮೀನಾ ಬಾಗಿಲಲ್ಲಿ ನಿಂತು ಅತ್ತಿತ್ತ ಮೂಸಿದಳು. ಆಮೇಲೆ ತಾನಾಗಿ ಬಂದು ಟೀಚರ ತೊಡೆ ಏರಿ ಕುಳಿತಳು. ಜೋಸ್ಲಿನ್‌ಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

"ಕಣ್ಣು ಬಿದ್ದದ್ದಲ್ಲ ಸುಹರಾ, ಅವಳಿಗೆ ಆ ವಾಸನೆ ಆಗುದಿಲ್ಲ" ಎಂದಳು ಸಂಜೆ. "ಗಲಾಟೆಯೂ ಸೇರಿದ್ರೆ ತಡ್ಕೊಳ್ಳಿಕ್ಕೇ ಆಗುದಿಲ್ಲ."

ಸುಹರಾಳ ಮುಖ ಸಣ್ಣದಾಯಿತು. "ಉಮ್ಮ ಕಳಿಸಿದ್ದು ಟೀಚರ್. ಒಳ್ಳೇದಾಗ್ಲಿ ಅಂತ ತಾನೇ?"

"ನಾನೂ ಒಳ್ಳೇದಾಗ್ಲಿ ಅಂತಲೇ ಹಾಕಿದ್ದು ಮಾರಾಯ್ರೆ."

ಧೂಪದ ಬಟ್ಟಲು ಹೊರಗಿನ ಗೇಟಿಗೆ ಹೋಯಿತು. ಐಡಾ ಮೇಡಂ ಗೊಣಗಿದರು, ಜೋಸ್ಲಿನ್ ಕೇಳಿಸದಂತಿದ್ದಳು. ಪುಸ್ತಕದ ಕಪಾಟಿನ ಹಿಂದೆ ಪರದೆ ಕಟ್ಟಿ, ದಿಂಬು ಹಾಕಿ, ಮಗುವಿಗೆ ತೋರಿಸಿದಳು: ಸಾಕೆನಿಸಿದರೆ ಹೇಳು, ಇಲ್ಲಿಗೆ ಬಾ, ಯಾರೂ ಬೈಯುವುದಿಲ್ಲ. ಮೊದಮೊದಲು ಕೈಹಿಡಿದೇ ಕರೆದೊಯ್ಯಬೇಕಾಗುತ್ತಿತ್ತು.

ನ್ಯಾಷನಲ್ ಡೇ ಬಂತು. ತರಗತಿಯ ತುಂಬ ಅತಿಥಿಗಳು, ಬಲೂನು, ಸಾಲದ್ದಕ್ಕೆ ಡೋಲು. ಡೋಲಿನ ಮೊದಲ ಪೆಟ್ಟಿಗೇ ಶಮೀನಾಳ ತುಟಿ ನಡುಗಿತು. ಐಡಾ ಮೇಡಂ ಜೋಸ್ಲಿನ್‌ಳನ್ನು ನೋಡಿದರು. ಓಡಿಹೋಗಿ ಮಗುವನ್ನು ಎತ್ತಿಕೊಳ್ಳಲು ಜೋಸ್ಲಿನ್‌ಳ ಮನಸ್ಸು ತುಡಿಯುತ್ತಿತ್ತು. ಅವಳೇ ಹೇಳಲಿ ಎಂದು ಹಲ್ಲು ಕಚ್ಚಿ ನಿಂತಳು.

"ಇನಫ್, ಟೀಚರ್" ಎಂದಳು ಶಮೀನಾ. ಕಿವಿ ಮುಚ್ಚಿಕೊಂಡು, ಅತಿಥಿಗಳ ಕಾಲುಗಳ ನಡುವೆ ನುಸುಳಿ, ಒಬ್ಬಳೇ ಪರದೆಯ ಹಿಂದೆ ಹೋದಳು. ಕಿರುಚಾಟವಿಲ್ಲ. ಸ್ವಲ್ಪ ಹೊತ್ತಿಗೆ ಹೊರಬಂದು ಸಾಲಿನ ಕೊನೆಯಲ್ಲಿ ನಿಂತು, ಉಳಿದವರೆಲ್ಲ ಬೀಸುವುದನ್ನು ನಿಲ್ಲಿಸಿದ ಮೇಲೆ, ತನ್ನ ಬಾವುಟವನ್ನು ಮನಸಾರೆ ಬೀಸಿದಳು.

ಜೋಸ್ಲಿನ್‌ಳ ಎದೆ ಉಬ್ಬಿತು. ತನ್ನ ಮಗಳೇ ಮೊದಲ ಹೆಜ್ಜೆ ಇಟ್ಟಿದ್ದರೂ ಇಷ್ಟು ಹೆಮ್ಮೆಯಾಗುತ್ತಿತ್ತೋ ಇಲ್ಲವೋ. "ಆ ಮೂಲೆಗೆ ಇನ್ನೊಂದು ದಿಂಬು ಹಾಕು" ಎಂದಷ್ಟೇ ಹೇಳಿ ಐಡಾ ಮೇಡಂ ಅತಿಥಿಗಳ ಕಡೆ ಹೋದರು. ಅಂದರೆ ಶಮೀನಾ ಇಲ್ಲೇ ಇರುತ್ತಾಳೆ.

ರಜೆ ಸಿಗದೆ ಅಂಗಡಿಯಲ್ಲೇ ಉಳಿದಿದ್ದ ಸುಹರಾಗೆ ಜೋಸ್ಲಿನ್ ಫೋನ್ ಮಾಡಿದಳು.

"ಬಂದೆ ಟೀಚರ್, ಈಗಲೇ ಕರ್ಕೊಂಡು ಹೋಗ್ತೇನೆ" ಎಂದಳು ಸುಹರಾ, ವಿಷಯ ಕೇಳುವ ಮೊದಲೇ.

"ಬರಬೇಡಿ. ಅವಳಿಗೀಗ ಪುರುಸೊತ್ತಿಲ್ಲ, ಬಾವುಟ ಹಿಡ್ಕೊಂಡು ಡ್ಯಾನ್ಸ್ ಮಾಡ್ತಿದ್ದಾಳೆ."

ಆ ಕಡೆ, ಫೋನ್ ಇಡುವುದನ್ನೂ ಮರೆತು, ಅಂಗಡಿಗೆ ಬಂದವರಿಗೆಲ್ಲ ಅರ್ಥವಾಗಲೆಂದು ಹಿಂದಿಯಲ್ಲೇ ಸುಹರಾ ಅಳುತ್ತ ಸಾರುತ್ತಿದ್ದಳು: "ಮೇರಿ ಬೇಟಿ ಬಿಝಿ ಹೈ!"