ಅಂದಾಜಿನ ಅಳತೆ

ನಮ್ಮ ಮೇಡಂ ಟೇಪನ್ನು ಕೊರಳಿಗೆ ಹಾಕಿಕೊಂಡು ಹೊಲಿಗೆ ಅಂಗಡಿಯಲ್ಲಿ ಓಡಾಡುವ ಗತ್ತು ನೋಡಬೇಕು. ಆದರೆ ಸೇತುವೆಯಾಚೆಯ ಓಣಿಯವರು ಬಂದರೆ ಆ ಟೇಪು ಕೊರಳಿಂದ ಇಳಿಯುತ್ತಿರಲಿಲ್ಲ. ದೂರದಲ್ಲೇ ನಿಂತು, ಕಣ್ಣು ಕಿರಿದು ಮಾಡಿ, ಅಂದಾಜಿನ ಮೇಲೆ ಅಳತೆ ಹೇಳುತ್ತಿದ್ದರು. ಹನ್ನೊಂದು ವರ್ಷ ಅದನ್ನು ಬರೆದುಕೊಂಡು ಹೊಲಿದವಳು ನಾನೇ. ಬಟ್ಟೆ ಕಂಕುಳಲ್ಲಿ ಹಿಡಿಯುತ್ತೆ ಎಂದು ಅವರು ವಾಪಸು ಬಂದರೆ, ಅವರ ಮೈಕಟ್ಟೇ ಹಾಗೆ ಎಂದು ಮೇಡಂ ಗೊಣಗುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಮಂಗಳವಾರ ಓಣಿಯ ಹುಡುಗಿಯೊಬ್ಬಳು ಬಂದಳು. ದೊಡ್ಡ ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತ್ತು. ಸೋಮವಾರ ಮೈಗೆ ಸರಿಯಾಗಿ ಕೂರುವ ಕಪ್ಪು ಕೋಟು ಇಲ್ಲದಿದ್ದರೆ ಕೆಲಸವೂ ಇಲ್ಲ.

"ಎದೆ ಮೂವತ್ನಾಲ್ಕು, ಬರ್ಕೋ" ಎಂದರು ಮೇಡಂ, ದೂರದಿಂದಲೇ.

"ಟೇಪ್ ಹಿಡಿದು ನೋಡಿ ಮೇಡಂ" ಎಂದಳು ಹುಡುಗಿ.

"ನಿಮ್ಮನ್ನೆಲ್ಲ ಮುಟ್ಕೊಂಡು ಕೂತ್ರೆ ಬೇರೆ ಗಿರಾಕಿ ಬರ್ತಾರಾ?"

ಅಷ್ಟನ್ನೂ, ಕುರ್ತಾ ಹೊಲಿಸಲು ಬಂದಿದ್ದ ಲೈವ್ ಅಕ್ಕ ಫೋನಿನಲ್ಲಿ ಹಿಡಿದರು. ಬೀದಿಯಲ್ಲಿ ಏನೇ ನಡೆದರೂ ಫೋನು ಎತ್ತುವ ಈ ಗಿರಾಕಿಗೆ ನಾವಿಟ್ಟ ಹೆಸರು ಅದು.

ಸಂಜೆಯೊಳಗೆ ಆ ವಿಡಿಯೊವನ್ನು ಎರಡು ಲಕ್ಷ ಜನ ನೋಡಿದರು. ಅಬ್ಬಬ್ಬಾ, ಏನು ಆವೇಶ. ಅಂಗಡಿ ಸುಡಿ ಎಂದವರೆಷ್ಟು, ಮೇಡಂ ತಲೆ ಬೋಳಿಸಿ ಎಂದವರೆಷ್ಟು. ಕುಂಡೆ ಎತ್ತದೆ ಲೋಕ ತಿದ್ದುವ ಕೆಲಸ ಎಷ್ಟು ಸಲೀಸು ನೋಡಿ.

ಶುಕ್ರವಾರ ಮೇಡಂ ಮಣಿದರು. ಹುಡುಗಿಯನ್ನು ಕರೆಸಿ, ಲೈವ್ ಅಕ್ಕನ ಫೋನಿನ ಮುಂದೆಯೇ ಅವಳ ಹೆಗಲ ಮೇಲೆ ಕೈಯಿಟ್ಟು, "ಇವಳು ನನ್ನ ಮಗಳಿದ್ದ ಹಾಗೆ" ಎಂದು ಕಣ್ಣೊರೆಸಿಕೊಂಡರು. ಫೋನು ಇಳಿದದ್ದೇ ತಡ, ಹಿತ್ತಲ ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದರು. ಲೈವ್ ಅಕ್ಕನಿಗೆ ಅದೆಲ್ಲ ಎಲ್ಲಿ ಕಾಣಬೇಕು, ಬಂದ ಲೈಕು ನೋಡುವುದರಲ್ಲೇ ಮುಳುಗಿದ್ದರು. ಹೋಗುವಾಗ ತಮ್ಮ ಹೊಸ ಕುರ್ತಾ ಮರೆಯದೆ ಒಯ್ದರು.

ಸಂಜೆ ಬಾಗಿಲಿಗೆ ಬೋರ್ಡು ಬಿತ್ತು: 'ಅಳತೆಗೆ ಹಳೆಯ ಬಟ್ಟೆ ತನ್ನಿ. ಎಲ್ಲರಿಗೂ ಒಂದೇ ನಿಯಮ.'

ಇನ್ನು ಯಾರನ್ನೂ ಮುಟ್ಟುವ ಹಾಗಿಲ್ಲ, ಯಾರೂ ಬೈಯುವ ಹಾಗೂ ಇಲ್ಲ.

ಶನಿವಾರ ಮಧ್ಯಾಹ್ನ ಮೇಡಂ ಟೇಪನ್ನು ಮೇಜಿನ ಮೇಲಿಟ್ಟು ಊಟಕ್ಕೆ ಹೋಗಿದ್ದಾಗ ಹುಡುಗಿ ಬೋರ್ಡಿನ ಕೆಳಗೆ ನಿಂತಿದ್ದಳು. "ನಾನು ಕೋಟೇ ಹಾಕಿದವಳಲ್ಲ ಅಕ್ಕಾ. ಹಳೇದು ಎಲ್ಲಿಂದ ತರ್ಲಿ?"

ಎರಡು ಲಕ್ಷ ಜನರಲ್ಲಿ ಕೋಟು ಏನಾಯಿತು ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಟೇಪು ತೆಗೆದುಕೊಂಡು ಎದ್ದೆ.

"ಕೊಡಿ, ನಾನೇ ಸುತ್ಕೋತೀನಿ" ಎಂದು ಅವಳು ಕೈ ಚಾಚಿದಳು.

ಆಗ ನನ್ನ ಕೈ ನೋಡಿಕೊಂಡೆ. ಟೇಪಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ತೋಳನ್ನು ಉದ್ದಕ್ಕೆ ಚಾಚಿ ನಿಂತಿದ್ದೆ. ಅಲ್ಲಿ ಯಾರ ಫೋನೂ ಇರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎನ್ನಿಸಿತು.

ಹತ್ತಿರ ಹೋಗಿ ಅವಳ ಬೆನ್ನು ಬಳಸಿ ಟೇಪು ಸುತ್ತಿದೆ. ಎದೆ ಮೂವತ್ತೇಳು.